ಮರಳು ಜರಡಿಯ ಸುತ್ತು

ಹಾಡು ಬೇಕೆಂದು ಬರುವವರನ್ನು ನಾನು ಅಂಗಡಿಯ ಮೆಟ್ಟಿಲ ಮೇಲಿಂದಲೇ ವಾಪಸು ಕಳಿಸುತ್ತೇನೆ. ಹಾಡು ಮುಗಿಯುತ್ತದೆ, ಅದೇ ಅದರ ದೊಡ್ಡ ದೋಷ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ಬಿಡುವಿರುತ್ತದೆ. ನಮ್ಮೂರಿನಲ್ಲಿ ಕೆಲವರಿಗೆ ಅಷ್ಟೇ ಬಿಡುವು ಸಾಕು. ಎಣ್ಣೆ ಗಾಣದ ಚನ್ನಮಲ್ಲಪ್ಪ ಸಾಹುಕಾರರು ನನ್ನ ಮಾತು ಕೇಳದೆ ಎಲ್ಲಿಂದಲೋ ಹಾಡಿನ ಕ್ಯಾಸೆಟ್ಟು ತಂದು ಮನೆಯಲ್ಲಿ ಹಾಕಿದರು. ಎರಡು ಹಾಡುಗಳ ನಡುವೆ ಅವರ ತಮ್ಮ, ಅನ್ನಕ್ಕೆ ಸಾರು ಕಲಸುತ್ತಿದ್ದವನು, ಎದ್ದು ಕೈಯನ್ನೂ ತೊಳೆಯದೆ ಪಡುವಣ ದಾರಿ ಹಿಡಿದು ಹೋದ. ಹಾಗೆ ಹೋದವರು ಬರುವುದಿಲ್ಲ. ಎಲ್ಲಿಗೆ ಹೋಗುತ್ತಾರೆ ಎಂದರೆ ಬಿಳಿ ಬಯಲಿನ ಕಡೆಗೆ ಎಂದಷ್ಟೇ ಹೇಳಬಹುದು. ಸಿಟ್ಟು ಮಾಡಿಕೊಂಡು ಹೋಗುವುದಿಲ್ಲ, ಅಳುತ್ತಲೂ ಹೋಗುವುದಿಲ್ಲ. ಸದ್ದಿಲ್ಲದ ಕಡೆ ಕೂತರೆ ಕಾಲು ಏಳುತ್ತವೆ, ಅಷ್ಟೆ. ಸಾಹುಕಾರರು ಆಮೇಲೆ ನನ್ನಲ್ಲಿಗೇ ಬಂದರು. ಹಿಟ್ಟಿನ ಗಿರಣಿಯ ಬೆಲ್ಟು ತಿರುಗುವ ಸುತ್ತು ಕೊಟ್ಟು ಕಳಿಸಿದೆ. ಈ ಬುದ್ಧಿ ಮೊದಲೇ ಬರಬಾರದಿತ್ತೇ ಎಂದು ಅಂದುಬಿಡುವ ಬಾಯಿ ನನ್ನದು. ಅಂದೂ ಅಂದೆ.

ಸುತ್ತು ಎಂದರೆ ಮಂತ್ರವಲ್ಲ, ಮಾಯೆಯಲ್ಲ. ಟೇಪಿನ ಒಂದು ತುಂಡು ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸಿದರೆ ಬಳೆಯ ಹಾಗಾಗುತ್ತದೆ. ಚಿಕ್ಕದಾದರೆ ಕ್ಯಾಸೆಟ್ಟಿನ ಹೊಟ್ಟೆಯಲ್ಲೇ ಕೂರುತ್ತದೆ. ಉದ್ದವಾದರೆ ಹೊರಗೆಳೆದು, ಮೇಜಿನ ಮೇಲೆ ನಿಲ್ಲಿಸಿದ ಸೀಸೆಯನ್ನು ಬಳಸಿಕೊಂಡು ಬರುವ ಹಾಗೆ ಮಾಡುತ್ತೇವೆ. ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ, ತಿರುಗುತ್ತಲೇ ಇರುತ್ತದೆ. ಯಾವ ಮನೆಗೆ ಯಾವ ಸದ್ದು ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ. ಹೊಸದಾಗಿ ಮದುವೆಯಾದವರಿಗೆ ಹೊಲಿಗೆ ಯಂತ್ರ ಕೊಡುತ್ತೇನೆ, ಒಳಗಿನ ಮಾತು ಹೊರಗೆ ಹೋಗುವುದಿಲ್ಲ. ಕಿವಿ ಮಂದವಾದ ಮುದುಕರಿಗೆ ತಗಡಿನ ಮೇಲೆ ಜಲ್ಲಿ ಸುರಿಯುವುದು ಹಿಡಿಸುತ್ತದೆ. ಮೀಸೆ ಚಿಗುರುವ ವಯಸ್ಸಿನವರಿಗೆ ಸ್ಟೇಷನ್ನು ಸಿಗದ ರೇಡಿಯೋವನ್ನು ಹಿಂದುಮುಂದಾಗಿ ಓಡಿಸಿ, ಅದರ ಮೇಲೆ ಗರಗಸ ಸೇರಿಸಿದ್ದೇ ಆಗಬೇಕು. ಹಲ್ಲು ಜುಮ್ಮೆನ್ನದಿದ್ದರೆ ಅವರಿಗೆ ಕೊಟ್ಟ ದುಡ್ಡಿಗೆ ಸಮಾಧಾನವಿಲ್ಲ. ಅತ್ತೆ ಸೊಸೆಗೆ ಆಗಿಬರದ ಮನೆಗೆ ಕುಕ್ಕರಿನ ಸೀಟಿ ಎಂದೂ ಕೊಡಬಾರದು. ಇಬ್ಬರೂ ಒಟ್ಟಿಗೆ ಒಲೆಯ ಕಡೆ ಓಡಿ ಅಲ್ಲೇ ಶುರುವಾಗುತ್ತದೆ.

ಜೋಡಿಸುವವಳು ನನ್ನ ತಂಗಿ ನೀಲಗಂಗಾ. ನಮ್ಮಿಬ್ಬರಿಗೂ ಮದುವೆಯಾಗಲಿಲ್ಲ. ಅಕ್ಕನಿಗೆ ಬಾಯಿ ಇದ್ದದ್ದಕ್ಕೆ, ತಂಗಿಗೆ ಬಾಯಿ ಇಲ್ಲದ್ದಕ್ಕೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಹೆಡ್‌ಫೋನು ಹಾಕಿಕೊಂಡು ಕೂತಿರುತ್ತಾಳೆ. ಟೇಪನ್ನು ಬೆರಳಿನಿಂದ ಹಿಂದೆ ಮುಂದೆ ಎಳೆದು, ಎಲ್ಲಿ ಸದ್ದು ಉಸಿರೆಳೆದುಕೊಳ್ಳುತ್ತದೋ ಅಲ್ಲಿ ಗುರುತು ಹಾಕಿ, ಬ್ಲೇಡನ್ನು ಓರೆಯಾಗಿ ಹಿಡಿದು ಕತ್ತರಿಸುತ್ತಾಳೆ. ಆಮೇಲೆ ಎರಡು ತುದಿ ಸೇರಿಸಿ ಉಗುರಿನಿಂದ ತೀಡುತ್ತಾಳೆ. ಬೇರೆಯವರು ಜೋಡಿಸಿದ ಸುತ್ತಿನಲ್ಲಿ ಪ್ರತಿ ಸಲ ಜೋಡು ಬಂದಾಗ ಟಕ್ ಎನ್ನುತ್ತದೆ. ನೀಲಾ ಜೋಡಿಸಿದ್ದರಲ್ಲಿ ಆ ಸದ್ದನ್ನು ಪತ್ತೆ ಹಚ್ಚಿದವರು ಇಲ್ಲ. ಹೊಗಳಿಕೆಯೆಲ್ಲ ಗಲ್ಲಾದ ಮುಂದೆ ಕೂತ ನನಗೆ ಬರುತ್ತಿತ್ತು. ಒಳಗೆ ದಾಟಿಸುವುದು ನನಗೆ ನೆನಪಾಗುತ್ತಿರಲಿಲ್ಲ.

ಹೊರಗಿನಿಂದ ಬಂದವರಿಗೆ ನಮ್ಮ ರೀತಿ ವಿಚಿತ್ರ ಅನ್ನಿಸಬಹುದು. ಇಲ್ಲಿ ಗಾಳಿ ಬೀಸುವುದಿಲ್ಲ, ಕಾಗೆ ಕೂಗುವುದಿಲ್ಲ. ಸದ್ದು ಬೇಕೆಂದರೆ ನಾವೇ ಮಾಡಿಕೊಳ್ಳಬೇಕು. ಹೆಣ್ಣು ನೋಡಲು ಹೋದವರು ಮೊದಲು ಮನೆಯ ಸುತ್ತು ಕೇಳಿ ಆಮೇಲೆ ಹುಡುಗಿಯ ಮುಖ ನೋಡುತ್ತಾರೆ. ಮೌನೇಶ ಎಂದು ಮಕ್ಕಳಿಗೆ ಯಾರೂ ಹೆಸರಿಡುವುದಿಲ್ಲ. ಊರು ಮುಗಿಯುವ ಕಡೆ ಒಂದು ಚಪ್ಪರವಿದೆ, ಓಣಿಗೊಬ್ಬರಂತೆ ಸರದಿಯ ಮೇಲೆ ಅಲ್ಲಿ ತಾಟು ಹಿಡಿದು ಕೂರಬೇಕು. ಕಣ್ಣು ಎಲ್ಲೋ ನೆಟ್ಟುಕೊಂಡು ಯಾರಾದರೂ ನಡೆದು ಬಂದರೆ ಅವರ ಕಿವಿಯ ಹತ್ತಿರ ಸೌಟಿನಿಂದ ತಾಟು ಬಡಿಯುತ್ತಾರೆ. ಬೆಚ್ಚಿ ನಿಂತು, "ಅಯ್ಯ, ಒಲಿ ಮ್ಯಾಲೆ ಹಾಲಿಟ್ಟಿದ್ದೆ" ಎಂದು ಓಡುವವರೇ ಹೆಚ್ಚು. ಚಪ್ಪರ ದಾಟಿ ಬಹಳ ದೂರ ಹೋದವರ ಹಿಂದೆ ಯಾರೂ ಹೋಗುವುದಿಲ್ಲ. ಅಲ್ಲಿ ಹಿಡಿಯಲು ಹೋದವನ ಕಾಲೂ ಅವನ ಮಾತು ಕೇಳುವುದಿಲ್ಲವಲ್ಲ.

ಪೋಸ್ಟ್‌ಮಾಸ್ತರರಾಗಿದ್ದ ಪಾಂಡುರಂಗರಾಯರು ಬಂದದ್ದು ಇಂಥ ದಿನಗಳಲ್ಲೇ. ನಿವೃತ್ತರು, ಒಂಟಿ, ಮಾತಿನಲ್ಲಿ ಬಹಳ ನಾಜೂಕು. ಅವರ ಮನೆಯಲ್ಲಿ ಅದುವರೆಗೆ ಇದ್ದದ್ದು ಕಲ್ಲು ಒಡೆಯುವ ಸುತ್ತು.

"ತಲಿ ಒಡದು ಹೋಗ್ಲಿಕ್ಕತ್ತದ ಕಸ್ತೂರಿಬಾಯಿ," ಎಂದರು ನನಗೆ. "ಮೆತ್ತಗಿನದು ಒಂದು ಹೇಳ್ರಿ. ಇದ್ದೂ ಇಲ್ಲದ್ಹಂಗ ಇರಬೇಕು."

ಅವರಿಗೆ ಮರಳು ಜರಡಿ ಹಿಡಿಯುವ ಸುತ್ತನ್ನು ಹೇಳಿದೆ. ನೀಲಾ ಅದನ್ನು ಎಷ್ಟು ನಯವಾಗಿ ಜೋಡಿಸಿದ್ದಳೆಂದರೆ ಜೋಡು ಎಲ್ಲಿದೆಯೆಂದು ನಾನೇ ಕಿವಿಗಿಟ್ಟುಕೊಂಡು ಹುಡುಕಿ ಸೋತೆ. ರಾಯರು ಮಾರನೆಯ ದಿನವೇ ಬಂದು, "ಎಲ್ಲಿ ಜೋಡಿಸೀರೋ ಆ ದೇವರಿಗೇ ಗೊತ್ತು" ಎಂದು ಕೈ ಮುಗಿದು ಹೋದರು. ಅದೇ ವಾರ ಅವರನ್ನು ಚಪ್ಪರದ ಹತ್ತಿರ ತಡೆದು, ತಾಟು ಬಡಿದು, ಇಬ್ಬರು ತೋಳು ಹಿಡಿದು ಮನೆಗೆ ಕರೆತಂದರು. ಮನೆಯಲ್ಲಿ ನೋಡಿದರೆ ಸುತ್ತು ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಊರಿನಲ್ಲಿ ಹೀಗೆ ಆದದ್ದು ಇದೇ ಮೊದಲು. ಯಂತ್ರ ಕೆಟ್ಟು ಹೋದವರಿದ್ದಾರೆ, ಆರಿಸಿ ಹೋದವರಿದ್ದಾರೆ. ಸದ್ದು ಇರುವಾಗಲೇ ಎದ್ದು ಹೋದವರಿರಲಿಲ್ಲ. ರಾಯರು ಕ್ಯಾಸೆಟ್ಟನ್ನು ನನ್ನ ಗಲ್ಲಾದ ಮೇಲಿಟ್ಟು ತಲೆ ತಗ್ಗಿಸಿ ನಿಂತರು. "ನಿಮ್ಮದು ತಪ್ಪಿಲ್ಲ ತಾಯಿ. ಕೇಳಿ ಕೇಳಿ ನನಗ ಅದು ಕೇಳಸೂದ ಬಿಟ್ಟುಬಿಡ್ತು" ಎಂದರು. ಸದ್ಯಕ್ಕೆ ಹಳೆಯ ಕಲ್ಲು ಒಡೆಯುವ ಸುತ್ತನ್ನೇ ಹಾಕಿಕೊಳ್ಳಿ ಎಂದು ಅವರನ್ನು ಕಳಿಸಿದೆ. ಎಲ್ಲಿಯೂ ತಡೆಯದ ಸದ್ದನ್ನು ಕಿವಿ ನುಂಗಿಬಿಡುತ್ತದೆ, ನುಂಗಿದ ಮೇಲೆ ಅದು ಇದ್ದರೂ ಇಲ್ಲದ ಹಾಗೆಯೇ. ಊರಿಡೀ ನೀಲಾಳ ಸುತ್ತುಗಳು ತಿರುಗುತ್ತಿದ್ದವು. ಗಿರಣಿ, ಗರಗಸಗಳಿಗೆ ತಮ್ಮದೇ ಏರಿಳಿತವಿದೆ, ಅವುಗಳಿಂದ ಭಯವಿಲ್ಲ. ಮೆತ್ತಗಿನವುಗಳದೇ ಚಿಂತೆ.

ಒಳಗೆ ಹೋಗಿ ನೀಲಾಳ ಹೆಡ್‌ಫೋನು ತೆಗೆದೆ. "ಇನ್ನ ಮ್ಯಾಲೆ ಪ್ರತಿ ಸುತ್ತಿಗೂ ಒಂದು ಗಂಟು ಇರಬೇಕು. ಜೋಡು ಬಂದಾಗ ಟಕ್ ಅನಬೇಕು" ಎಂದೆ.

ಅವಳು ಬ್ಲೇಡು ಕೆಳಗಿಟ್ಟಳು. "ಗಂಟು ಬಿದ್ದ ಟೇಪು ನನ್ನ ಕೈಯಿಂದ ಹೊರಗ ಹೋಗೂದಿಲ್ಲಕ್ಕ."

"ಜನ ಎದ್ದು ಹೊಂಟಾರ, ನಿನಗ ನಿನ್ನ ಕೈಚಳಕದ ಚಿಂತಿ."

"ಮೆತ್ತಗಿರಬೇಕು ಅಂತ ಹೇಳಿದಾಕಿ ನೀನು. ನಾ ನೀ ಹೇಳಿದ್ದ ಮಾಡೀನಿ." ಕತ್ತರಿಸಿದ ಟೇಪನ್ನು ಪಕ್ಕಕ್ಕೆ ಸರಿಸಿ, "ನನಗ ಸಾಕಾಗೇತಿ ಅಕ್ಕ" ಎಂದಳು. "ಒಳಗೂ ಸದ್ದು, ಹೊರಗೂ ಸದ್ದು, ನಿದ್ದ್ಯಾಗೂ ಸದ್ದು. ಅನ್ನದೊಳಗ ಕಲ್ಲು ಸಿಕ್ಕಂಗ ಆಗತೈತಿ. ಜೋಡಸೂ ಮುಂದ ಎರಡು ತುದಿ ನಡುವ ಒಂದು ಖಾಲಿ ಜಾಗ ಬರತೈತಿ ನೋಡು, ಅದೊಂದ ನನಗ ಸುಖ."

ಆ ಮಾತನ್ನು ಅಲ್ಲೇ ಹಿಡಿದುಕೊಂಡು ವಿಚಾರಿಸಬೇಕಾಗಿತ್ತು. ನಾನು ಅದನ್ನು ಬಿಟ್ಟು, "ಸುಖ ಬೇಕಾದ್ರ ಪಡುವಣ ದಾರಿ ಐತಲ್ಲ, ಹೋಗು" ಎಂದೆ. ಸಿಟ್ಟಿನ ಬಾಯಿಗೆ ಬಂದ ಮಾತು. ಅವಳು ಹೆಡ್‌ಫೋನು ಮತ್ತೆ ಏರಿಸಿಕೊಂಡಳು.

ರಾಯರ ಸುತ್ತನ್ನು ನಾನೇ ಬಿಚ್ಚಿದೆ. ಇಷ್ಟು ವರ್ಷ ಅಂಗಡಿ ನಡೆಸಿದವಳು ಟೇಪು ಕತ್ತರಿಸಿದ್ದು ಅದೇ ಮೊದಲು. ಅವಳ ಬ್ಲೇಡು ಕೇಳಲು ಮನಸ್ಸಿರಲಿಲ್ಲ, ಬಟ್ಟೆ ಕತ್ತರಿಯಿಂದ ನೆಟ್ಟಗೆ ಕತ್ತರಿಸಿ, ತುದಿಯ ಮೇಲೆ ತುದಿ ಹೇರಿ, ಮಕ್ಕಳ ಪುಸ್ತಕಕ್ಕೆ ಹಾಕುವ ಅಂಟುಪಟ್ಟಿಯನ್ನು ಎರಡು ಸುತ್ತು ಸುತ್ತಿದೆ. ಹಚ್ಚಿ ನೋಡಿದರೆ ಮರಳು ಜರಡಿ ಚೆನ್ನಾಗಿಯೇ ಹೋಗುತ್ತಿದ್ದು, ಗಂಟಿನ ಹತ್ತಿರ ಬಂದಕೂಡಲೇ ಕತ್ತು ಹಿಸುಕಿದ ಕೋಳಿಯಂತೆ ಕೊಕ್ ಎಂದು, ಮೇಲಿಂದ ಟಪ್ ಎಂದು ಬಡಿಯುತ್ತಿತ್ತು. ಇದನ್ನು ಕೇಳುತ್ತ ರಾಯರು ಮೈಮರೆಯುವುದು ಸಾಧ್ಯವೇ ಇರಲಿಲ್ಲ. ಬ್ಯಾಟರಿಯ ಟೇಪ್ ರೆಕಾರ್ಡರಿನಲ್ಲಿ ಹಾಕಿಕೊಂಡು ಅವರ ಮನೆಗೆ ಕೊಟ್ಟು ಬರಲು ಹೊರಟೆ.

ಆ ದಿನ ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಹೊರಡುವ ಮುಂಚೆ ಒಳಗೆ ಇಣುಕಿದೆ, ಮಾತು ಬಿಟ್ಟು ಎರಡು ದಿನವಾಗಿದ್ದರೂ ಇಣುಕುವ ಚಟ ಹೋಗಿರಲಿಲ್ಲ. ಯಂತ್ರದಲ್ಲಿ ಖಾಲಿ ಟೇಪಿನ ಸಣ್ಣ ಸುತ್ತೊಂದು ತಿರುಗುತ್ತಿತ್ತು, ಕಾದ ಪಾತ್ರೆಯ ತಳಕ್ಕೆ ನೀರು ತಾಗಿದಂಥ ಸಣ್ಣ ಸುಯ್ ಸದ್ದು. ಹೆಡ್‌ಫೋನು ಮೇಜಿನ ಮೇಲಿತ್ತು. ಕುರ್ಚಿ ಖಾಲಿ. ಹಿತ್ತಲ ಬಾಗಿಲು ತೆರೆದಿತ್ತು, ಚಪ್ಪಲಿ ಅಲ್ಲೇ ಇದ್ದವು.

ನಾನು ಓಡಿದೆ. ಈ ದೇಹದಲ್ಲಿ ಅಷ್ಟು ಓಟ ಉಳಿದಿದೆಯೆಂದು ನನಗೇ ತಿಳಿದಿರಲಿಲ್ಲ. ಟೇಪ್ ರೆಕಾರ್ಡರು ಸೊಂಟಕ್ಕೆ ಬಡಿಯುತ್ತಿತ್ತು, ಕೈಯಲ್ಲಿದೆ ಎಂಬುದೇ ಮರೆತುಹೋಗಿತ್ತು. ಚಪ್ಪರದಲ್ಲಿ ಅವತ್ತು ಸರದಿ ಹುಸೇನಸಾಬರದು. ಅವರು ತಾಟು ಹಿಡಿದು ದಾರಿಯ ನಡುವೆ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಬಡದೆ ಬೇ ಅಕ್ಕ, ಕೈ ಸೋಲೂತನಕ ಬಡದೆ," ಎಂದರು. "ತಂಗೆವ್ವ ನಿಲ್ಲಲೇ ಇಲ್ಲ. ನನ್ನ ಕಡೆ ತಿರುಗಿ ನೋಡಿದ್ಳು ಮತ್ತ. ನೋಡಿ ಹೋದ್ಳು."

ನೋಡಿದಳು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಚಪ್ಪರ ದಾಟಿದರೆ ದಾರಿ ಸಪಾಟು, ಎರಡೂ ಕಡೆ ಬಿಳಿ ಮಣ್ಣು, ಒಂದು ಮುಳ್ಳುಕಂಟಿಯೂ ಇಲ್ಲ. ಅವಳ ಹಸಿರು ಸೀರೆ ದೂರದಲ್ಲಿ ಕಾಣುತ್ತಿತ್ತು. ನೀಲಾ, ನೀಲಾ ಎಂದು ಕೂಗಿದೆ. ಹುಸೇನಸಾಬರ ತಾಟಿಗೆ ನಿಲ್ಲದವಳು ನನ್ನ ದನಿಗೆ ನಿಲ್ಲುತ್ತಾಳೆಯೇ? ಊರಿನ ಗದ್ದಲ ಹಿಂದೆ ಹಿಂದೆ ಸರಿದು, ಬರೀ ನನ್ನ ಏದುಸಿರು ಉಳಿಯಿತು. ಹೆದರಿಕೆಯಾಗಿ, ನನ್ನ ಕಾಲಿನ ಬಂದೋಬಸ್ತಿಗೆಂದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಸದ್ದು ಪೂರ್ತಿ ಏರಿಸಿದೆ. ಜರಡಿ, ಜರಡಿ, ಜರಡಿ, ಕೊಕ್, ಟಪ್.

ನೀಲಾ ಇನ್ನೂ ನಾಲ್ಕು ಹೆಜ್ಜೆ ಹೋದಳು. ಮತ್ತೆ ಕೊಕ್, ಟಪ್. ಅವಳ ಬೆನ್ನು ಸೆಟೆಯಿತು. ಮೂರನೆಯ ಸಲಕ್ಕೆ ಗರಕ್ಕನೆ ತಿರುಗಿದಳು. ಕಣ್ಣು ಎಲ್ಲೋ ನೆಟ್ಟಿರಲಿಲ್ಲ, ನೇರ ನನ್ನ ಮೇಲೇ ಇದ್ದವು, ಕೆಂಡದಂತೆ.

"ಯಾರ ಜೋಡಿಸಿದ್ದು ಅದನ್ನ?"

"ನಾನು."

"ನೆಟ್ಟಗ ಕತ್ತರಿಸೀಯ? ಕತ್ತರಿಯಿಂದ?"

"ಹೂಂ."

"ಅಂಟುಪಟ್ಟಿ ಎಷ್ಟ್ ಸುತ್ತು ಹಾಕಿ?"

"ಎರಡು."

ಅವಳು ಹಣೆ ಚಚ್ಚಿಕೊಂಡಳು. "ಥೂ, ನಿನ್ನ ಕೈ ಮುರಿಯ! ಯಂತ್ರದ ಹೆಡ್ಡು ಸವದು ಹೋಗತೈತಿ ಅದಕ್ಕ. ಆ ಮನಷ್ಯಾ ಏನ್ ಪಾಪ ಮಾಡಿದ್ದ?"

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅವಳ ತೋಳು ಹಿಡಿದು, "ನಿನಗ ಎಚ್ಚರ ಆತಲ್ಲ, ಅಷ್ಟ ಸಾಕು, ನಡಿ ಮನಿಗೆ" ಎಂದೆ. ಅವಳು ತೋಳು ಬಿಡಿಸಿಕೊಳ್ಳಲಿಲ್ಲ, ಹೆಜ್ಜೆಯನ್ನೂ ಎತ್ತಲಿಲ್ಲ.

"ನಾ ಎಚ್ಚರದಾಗ ಇದ್ದೆ ಅಕ್ಕ. ಹುಸೇನಸಾಬ್ರ ತಾಟೂ ಕೇಳ್ತು, ನೀ ಕೂಗಿದ್ದೂ ಕೇಳ್ತು. ಕಾಲು ಎದ್ದದ್ದು ಖರೆ. ತಡೀಬಹುದಿತ್ತು, ತಡೀಲಿಲ್ಲ."

"ತಡೀಲಿಕ್ಕೆ ಬರತೈತೇನು?"

"ದಿನಾ ತಡೀತೀನಲ್ಲ. ಎರಡು ತುದಿ ನಡುವಿನ ಖಾಲಿ ಟೇಪು ನಾ ಎಷ್ಟು ವರ್ಷದಿಂದ ಕೇಳಾಕತ್ತೀನಿ? ಪ್ರತಿ ಸಲ ಕಾಲು ಏಳತಾವ. ಕೂಡ್ರು ಅಂತೀನಿ, ಕೂಡ್ರತಾವ. ಇವತ್ತು ಕೂಡ್ರು ಅನಬೇಕು ಅನಿಸಲಿಲ್ಲ."

ನಾನು ಆ ಬಿಳಿ ಮಣ್ಣಿನ ಮೇಲೆ ಕೂತುಬಿಟ್ಟೆ. ಊರಿಗೆಲ್ಲ ಇದನ್ನು ಕೇಳಿ, ಅದನ್ನು ಕೇಳಿ ಎಂದು ಹಂಚಿದವಳು ನಾನು. ಮಗ್ಗುಲಲ್ಲೇ ಮಲಗುವ ತಂಗಿಗೆ ಏನು ಹಿಡಿಸುತ್ತದೆ ಎಂದು ಯೋಚಿಸಿಯೂ ಇರಲಿಲ್ಲ. ಅವಳು ಯಂತ್ರದ ಒಂದು ಭಾಗವೆಂದೇ ತಿಳಿದಿದ್ದೆ. ಇದು ನನಗೆ ಹೊಳೆದದ್ದು ಆಗಲೇ. ನೀನಿಲ್ಲದೆ ನನಗೆ ಆಗುವುದಿಲ್ಲ ಎಂದು ಹೇಳಿದೆ. ಅಂಗಡಿಗೆ ಅಲ್ಲ, ನನಗೆ ಎಂದು ಇನ್ನೊಮ್ಮೆ ಹೇಳಿದೆ. ಪಡುವಣ ದಾರಿಯ ಮಾತು ಆಡಬಾರದಿತ್ತು ಎಂದೂ ಹೇಳಿದೆ. ಗಂಟು ಮಾತ್ರ ತನ್ನ ಪಾಡಿಗೆ ಕೊಕ್, ಟಪ್ ಎನ್ನುತ್ತಲೇ ಇತ್ತು.

ನೀಲಾ ನನ್ನ ಪಕ್ಕದಲ್ಲಿ ಕೂತಳು. "ಅದನ್ನ ಒಂದೀಟು ಆರಸು" ಎಂದಳು.

"ಹುಚ್ಚು ಹಿಡದೈತೇನು? ಇಲ್ಲಿ?"

"ನನ್ನ ಜೋಡಿ ಒಮ್ಮೆ ಸುಮ್ಮನ ಕೂಡು ಅಕ್ಕ. ಇಷ್ಟು ವರ್ಷದಾಗ ನಾವಿಬ್ರೂ ಒಮ್ಮೆನೂ ಸುಮ್ಮನ ಕೂತಿಲ್ಲ. ಆಮ್ಯಾಲೆ ಬೇಕಾದ್ರ ನೀ ಮನಿಗೆ ಹೋಗು, ನಾ ತಡಿಯೂದಿಲ್ಲ. ನೀನೂ ನನ್ನ ತಡೀಬ್ಯಾಡ."

ಇದಕ್ಕಿಂತ ಕೆಟ್ಟ ವ್ಯಾಪಾರ ನನ್ನ ಅಂಗಡಿಯಲ್ಲಿ ನಡೆದಿಲ್ಲ. ಆದರೂ ಅವಳು ಹುಟ್ಟಿದಾಗಿನಿಂದ ನನ್ನನ್ನು ಬೇಡಿದ್ದು ಇದೊಂದೇ ಇರಬೇಕು. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಗುಂಡಿ ಒತ್ತಿದೆ.

ಮೊದಲು ಕಿವಿಯಲ್ಲಿ ಹಳೆಯ ಸದ್ದೆಲ್ಲ ತಿರುಗಿತು. ಗಿರಣಿ, ಜಲ್ಲಿ, ಗರಗಸ. ಆಮೇಲೆ ಒಂದೊಂದಾಗಿ ನಿಂತವು. ನಾನು ಮಾತಾಡಬೇಕೆಂದು ಬಾಯಿ ತೆರೆದೆ, ಮಾತು ಏನೆಂದು ತಿಳಿಯಲಿಲ್ಲ. ಭಯವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬಹಳ ದಿನ ಬಿಗಿಯಾಗಿ ಉಟ್ಟದ್ದನ್ನು ಸಡಿಲಿಸಿದ ಹಾಗಾಯಿತು. ನೀಲಾ ಇದನ್ನೇ ಸುಖ ಎಂದದ್ದಿರಬೇಕು ಎಂಬುದು ನಾನು ಯೋಚಿಸಿದ ಕೊನೆಯ ಯೋಚನೆ.

ಕೊಕ್, ಟಪ್.

ಕಿವಿಯ ಒಳಗೇ ಬಡಿದಂತಾಯಿತು. ಕಣ್ಣು ಬಿಟ್ಟೆ ಎನ್ನೋಣವೆಂದರೆ ಕಣ್ಣು ಮುಚ್ಚಿಯೇ ಇರಲಿಲ್ಲ, ನಾನು ನಿಂತಿದ್ದೆ. ಕೂತಿದ್ದ ಜಾಗ ಬಹಳ ಹಿಂದೆ ಉಳಿದಿತ್ತು. ಎಡಗಾಲು ಇನ್ನೊಂದು ಹೆಜ್ಜೆಗೆ ಎದ್ದಿತ್ತು. ನೀಲಾ ನನ್ನ ಸೀರೆಯ ಸೆರಗನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಹಿಮ್ಮಡಿ ಊರಿ ಹಿಂದಕ್ಕೆ ಎಳೆಯುತ್ತಿದ್ದಳು. ಇನ್ನೊಂದು ಕೈಯಲ್ಲಿ ಟೇಪ್ ರೆಕಾರ್ಡರನ್ನು ನನ್ನ ಕಿವಿಗೆ ಒತ್ತಿ ಹಿಡಿದಿದ್ದಳು. ಅವಳ ಮೊಣಕಾಲು ತರಚಿತ್ತು, ನಾನು ಎಳೆದುಕೊಂಡು ಹೋಗಿರಬೇಕು. ಮುಖವೆಲ್ಲ ನೀರು.

"ನಿಲ್ಲ ಬೇ," ಎಂದು ಬಿಕ್ಕುತ್ತಿದ್ದಳು, "ಅಕ್ಕ, ನಿಲ್ಲ ಬೇ, ನಿನಗ ತಡಿಯೂದು ಬರೂದಿಲ್ಲ, ನಿಲ್ಲ."

ನಿಂತೆ. ಅವಳು ಸದ್ದನ್ನು ತಗ್ಗಿಸಲಿಲ್ಲ. ಆ ಹೊಲಸು ಗಂಟು ಬಡಿದಾಗಲೆಲ್ಲ ಅವಳ ಮುಖ ಕಿವುಚಿಕೊಳ್ಳುತ್ತಿತ್ತು, ಆದರೂ ಅದನ್ನು ನನ್ನ ಕಿವಿಯಿಂದ ತೆಗೆಯಲಿಲ್ಲ. ಅವಳು ಬೇಡಿದ ಸುಮ್ಮನಿರುವಿಕೆ ಎರಡು ಉಸಿರಿನಷ್ಟೂ ಅವಳಿಗೆ ಸಿಕ್ಕಿರಲಿಕ್ಕಿಲ್ಲ, ನನ್ನ ಕಾಲು ಅಷ್ಟು ಬೇಗ ಎದ್ದಿದ್ದವು. ನನ್ನನ್ನು ಬಿಟ್ಟಿದ್ದರೆ ಇಬ್ಬರೂ ಅವಳಿಗೆ ಬೇಕಾದ ಕಡೆಗೇ ಹೋಗುತ್ತಿದ್ದೆವು.

"ಬಿಡಬೇಕಾಗಿತ್ತಲ್ಲ," ಎಂದೆ. "ನೀನೂ ಬರಬಹುದಿತ್ತು."

ನೀಲಾ ಮೂಗು ಒರೆಸಿಕೊಂಡಳು. "ನೀ ಬಂದಮ್ಯಾಲೆ ಅಲ್ಲೂ ಮಾತಾಡತಿದ್ದಿ" ಎಂದಳು.

ಊರಿನ ಕಡೆ ತಿರುಗಿ, ನನ್ನ ಸೆರಗನ್ನು ಮುಂಗೈಯಿಂದ ಬಿಡದೆ, ಆ ಸದ್ದನ್ನು ನಮ್ಮಿಬ್ಬರ ನಡುವೆ ಹಿಡಿದುಕೊಂಡು ಅವಳೇ ಮುಂದೆ ನಡೆದಳು.